ಮುದಿ ಕುಡುವಿನ ಜಾಡು ಹಿಡಿದು: ನಮೀಬಿಯಾದಲ್ಲಿ ಬೇಟೆಯ ನನ್ನ ಅನುಭವ

ನಮೀಬಿಯಾಕ್ಕೆ ಬೇಟೆಗೆ ಹೋಗಬೇಕೆಂದಿರುವವರು ಬೆಲೆ ಕೇಳುವ ಮೊದಲು ಬೇಲಿ ಎಂಥದೆಂದು ಕೇಳಬೇಕು. ಅಲ್ಲಿನ ಖಾಸಗಿ ಜಮೀನುಗಳಲ್ಲಿ ಕೆಲವಕ್ಕೆ ಆಳೆತ್ತರವನ್ನೂ ಮೀರಿದ ಬೇಲಿಯಿರುತ್ತದೆ. ಅದರೊಳಗಿನ ಪ್ರಾಣಿ ಎಷ್ಟೇ ಓಡಿದರೂ ಒಡೆಯನ ಎಲ್ಲೆಯೊಳಗೇ ಉಳಿಯುತ್ತದೆ. ಇನ್ನು ಕೆಲವು ದನ ಸಾಕುವ ಜಮೀನುಗಳು. ಅವುಗಳ ತಂತಿಬೇಲಿ ಎದೆಯೆತ್ತರದ್ದಾದ್ದರಿಂದ ಕುಡು ಎಂಬ ದೊಡ್ಡ ಹುಲ್ಲೆ ಅದನ್ನು ಸಲೀಸಾಗಿ ಹಾರಿ ತನಗೆ ಬೇಕಾದ ಕಡೆ ಮೇಯಲು ಹೋಗುತ್ತದೆ. ವಾಟರ್‌ಬರ್ಗ್ ಪ್ರಸ್ಥಭೂಮಿಯ ದಕ್ಷಿಣದಲ್ಲಿ ಇಂಥದೇ ಒಂದು ದನದ ಜಮೀನನ್ನು ನಾನು ಆರಿಸಿಕೊಂಡೆ. ತಪ್ಪಿಸಿಕೊಳ್ಳಲು ದಾರಿಯೇ ಇಲ್ಲದ ಪ್ರಾಣಿಯ ಮೇಲೆ ಗುಂಡು ಹಾರಿಸುವುದನ್ನು ಬೇಟೆಯೆಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ನಾನು ಕೊಡಗಿನವನು, ಕೆಲಸದ ನಿಮಿತ್ತ ಜೋಹಾನ್ಸ್‌ಬರ್ಗ್‌ನಲ್ಲಿ ನೆಲೆಸಿದ್ದೇನೆ. ಶಸ್ತ್ರಾಸ್ತ್ರ ಕಾಯ್ದೆಯ ಪರವಾನಗಿಯಿಂದ ಕೊಡವರಿಗೂ ಜಮ್ಮಾ ಎಂಬ ಪಾರಂಪರಿಕ ಭೂಮಿಯ ಹಿಡುವಳಿದಾರರಿಗೂ ಇರುವ ವಿನಾಯಿತಿಯ ಕಾರಣ ನಮ್ಮ ಮನೆಯಲ್ಲಿ ಕೋವಿ ಮೊದಲಿನಿಂದಲೂ ಇತ್ತು. ಕೈಲ್‌ಪೊಳ್ದ್ ಹಬ್ಬದಂದು ಅದಕ್ಕೆ ಹೂವಿಟ್ಟು ಪೂಜೆ ಮಾಡಿ, ಆಮೇಲೆ ತೆಂಗಿನಕಾಯಿಗೆ ಗುರಿ ಹಿಡಿಯುತ್ತಾ ಬೆಳೆದವರು ನಾವು. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಹುಟ್ಟಿದ ನನಗೆ ಬೇಟೆಯೆಂಬುದು ಹಿರಿಯರ ಬಾಯಿಂದ ಕೇಳಿದ ಸಂಗತಿಯಷ್ಟೇ ಆಗಿತ್ತು. ಆ ಕಾಯ್ದೆ ನಮ್ಮ ನಾಡಿಗೆ ಅಗತ್ಯವಾಗಿತ್ತು, ಈಗಲೂ ಅಗತ್ಯವಾಗಿದೆ. ನಾಗರಹೊಳೆಯ ಕಾಡು ಇಂದು ಹೇಗಿದೆಯೋ ಹಾಗಿರಲು ಅದೂ ಒಂದು ಕಾರಣ.

ನಮೀಬಿಯಾ ಹಿಡಿದ ದಾರಿ ಬೇರೆ. ಅಲ್ಲಿ 1960ರ ದಶಕದ ಕೊನೆಯಲ್ಲಿ ಮತ್ತು 1975ರಲ್ಲಿ ಬಂದ ಕಾನೂನುಗಳು ತಮ್ಮ ಜಮೀನಿನಲ್ಲಿರುವ ಹಲವು ಜಾತಿಯ ಕಾಡುಪ್ರಾಣಿಗಳ ಮೇಲೆ ಜಮೀನ್ದಾರರಿಗೇ ಹಕ್ಕು ಕೊಟ್ಟವು. ಅಲ್ಲಿಯವರೆಗೆ ದನಗಳ ಮೇವನ್ನು ಕಬಳಿಸುವ ಪೀಡೆಯೆಂದು ಕಂಡಿದ್ದ ಕುಡುವಿಗೆ ಇದರಿಂದ ಬೆಲೆ ಬಂದಿತು. ಸ್ವಾತಂತ್ರ್ಯಾನಂತರ, 1996ರ ತಿದ್ದುಪಡಿಯು ಇದೇ ಬಗೆಯ ಹಕ್ಕನ್ನು ಸಮುದಾಯದ ಭೂಮಿಯಲ್ಲಿ ಬದುಕುವ ಹಳ್ಳಿಗರಿಗೂ ವಿಸ್ತರಿಸಿತು. 1998ರಲ್ಲಿ ನ್ಯಾಯೆ ನ್ಯಾಯೆ, ಸಲಂಬಾಲಾ, ಟೋರಾ ಮೊದಲಾದ, ಹಳ್ಳಿಗರೇ ನೋಡಿಕೊಳ್ಳುವ ನಾಲ್ಕು ಸಮುದಾಯ ಸಂರಕ್ಷಣಾ ಪ್ರದೇಶಗಳು ನೋಂದಣಿಯಾದವು. ಈಗ ಅವುಗಳ ಸಂಖ್ಯೆ ಎಂಬತ್ತನ್ನು ದಾಟಿದೆ. 1977ರಲ್ಲಿಯೇ ಬೇಟೆಯನ್ನು ನಿಷೇಧಿಸಿದ ಕೆನ್ಯಾ ಒಂದು ಕಡೆ, 2014ರಲ್ಲಿ ನಿಷೇಧಿಸಿ 2019ರಲ್ಲಿ ಹಿಂತೆಗೆದುಕೊಂಡ ಬೋಟ್ಸ್‌ವಾನಾ ಇನ್ನೊಂದು ಕಡೆ ಇರುವಾಗ ಯಾವುದು ಸರಿ ಎಂಬ ವಾದ ಸುಲಭವಾಗಿ ಮುಗಿಯುವಂಥದಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ, ಮುಳ್ಳುಪೊದೆಯ ಆ ಒಣನೆಲದಲ್ಲಿ ಕಾಡುಪ್ರಾಣಿಯಿಂದ ಆದಾಯವಿಲ್ಲವಾದರೆ ಅದರ ಜಾಗಕ್ಕೆ ಇನ್ನಷ್ಟು ದನ ಮತ್ತು ಮೇಕೆಗಳು ಬರುತ್ತವೆ ಎಂಬುದನ್ನು ಅಲ್ಲಿ ಓಡಾಡಿದ ಮೇಲೆ ನಾನು ಒಪ್ಪಿಕೊಂಡಿದ್ದೇನೆ.

ತಯಾರಿಯ ವಿಷಯಕ್ಕೆ ಬರುತ್ತೇನೆ. ಕುಡು, ಗೆಮ್ಸ್‌ಬಾಕ್, ಎಲ್ಯಾಂಡ್‌ನಂಥ ದೊಡ್ಡ ಹುಲ್ಲೆಗಳಿಗೆ ಬಳಸುವ ರೈಫಲ್ಲಿನ ಗುಂಡು ನಳಿಕೆಯನ್ನು ಬಿಡುವಾಗ ಕನಿಷ್ಠ 2,700 ಜೂಲ್ ಶಕ್ತಿ ಹೊಂದಿರಬೇಕೆಂದು ನಮೀಬಿಯಾದ ನಿಯಮ ಹೇಳುತ್ತದೆ. ಆನೆ, ಕಾಡೆಮ್ಮೆಗಳಿಗೆ ಈ ಮಿತಿ 5,400 ಜೂಲ್. ಸ್ವಂತ ಕೋವಿಯನ್ನು ಕೊಂಡೊಯ್ಯಲು ಗಡಿಯಲ್ಲಿ ತಾತ್ಕಾಲಿಕ ಪರವಾನಗಿ ಸಿಗುತ್ತದೆಯಾದರೂ ಅಲ್ಲಿಯದೇ .30-06 ರೈಫಲನ್ನು ಬಾಡಿಗೆಗೆ ಪಡೆದು 180 ಗ್ರೇನ್ ತೂಕದ ಗುಂಡು ಬಳಸುವುದು ನನಗೆ ಸರಿಯೆನಿಸಿತು. ತೀರಾ ಬಲವಾದ ಕೋವಿಯನ್ನು ಹಿಡಿದು ಅದರ ಒದೆತಕ್ಕೆ ಅಂಜುತ್ತಾ ಕುದುರೆ (ಟ್ರಿಗರ್) ಎಳೆಯುವವನಿಗಿಂತ ಸಾಧಾರಣ ಕೋವಿಯಿಂದ ನೆಮ್ಮದಿಯಾಗಿ ಹೊಡೆಯುವವನು ಪ್ರಾಣಿಗೆ ಹೆಚ್ಚು ನ್ಯಾಯ ಒದಗಿಸುತ್ತಾನೆ.

ಅಭ್ಯಾಸವೇ ಇದರಲ್ಲಿ ಅತಿ ಮುಖ್ಯವಾದ ಭಾಗ. ಆ ಸೀಮೆಯಲ್ಲಿ ಸ್ವಾರ್ಟ್‌ಹಾಕ್ ಎಂಬ ಕೊಕ್ಕೆಮುಳ್ಳಿನ ಪೊದೆ ಎಷ್ಟು ದಟ್ಟವಾಗಿ ಹಬ್ಬಿದೆಯೆಂದರೆ ಮಲಗಿ ಅಥವಾ ಕುಳಿತು ಗುರಿ ಹಿಡಿದರೆ ಮುಂದೆ ಕಾಣುವುದು ಬರೀ ಕಡ್ಡಿ. ಆದ್ದರಿಂದ ಬಹುತೇಕ ಈಡುಗಳನ್ನು ನಿಂತುಕೊಂಡು, ಮೂರು ಕಾಲಿನ ಕೋಲುಗಳ ಆಧಾರದ ಮೇಲೆ ಹೊಡೆಯಬೇಕಾಗುತ್ತದೆ. ಮೂರು ಬಿದಿರು ಕೋಲುಗಳನ್ನು ಸೈಕಲ್ ಟ್ಯೂಬಿನಿಂದ ಕಟ್ಟಿಕೊಂಡು ತಿಂಗಳುಗಟ್ಟಲೆ ಮನೆಯ ಹಿತ್ತಲಿನಲ್ಲಿ ಏರ್‌ಗನ್ನಿನಿಂದ ಅಭ್ಯಾಸ ಮಾಡಿದೆ: ನಾಲ್ಕು ಹೆಜ್ಜೆ ನಡೆಯುವುದು, ಕೋಲು ಊರುವುದು, ಕೋವಿ ಇಡುವುದು, ಉಸಿರು ಅರ್ಧ ಬಿಟ್ಟು ಕುದುರೆಯನ್ನು ಒತ್ತುವುದು. ಈ ಕ್ರಮ ಕೈಗೆ ರೂಢಿಯಾಗದೆ ಹೋದರೆ ಕುಡು ಕೊಡುವ ಐದಾರು ಸೆಕೆಂಡುಗಳ ಅವಕಾಶ ಕೋಲು ಬಿಡಿಸುವುದರಲ್ಲೇ ಮುಗಿಯುತ್ತದೆ. ಜಮೀನಿಗೆ ತಲುಪಿದ ಕೂಡಲೇ ನೂರು ಮೀಟರ್ ದೂರದ ಕಾಗದಕ್ಕೆ ಹೊಡೆದು ಕೋವಿಯ ಮೇಲಿನ ದುರ್ಬೀನಿನ ಹೊಂದಾಣಿಕೆಯನ್ನು ಪರೀಕ್ಷಿಸಿದ್ದಾಯಿತು. ಇದನ್ನು ಮಾಡದೆ ಯಾವ ಮಾರ್ಗದರ್ಶಿಯೂ ಹೊರಗೆ ಕರೆದೊಯ್ಯುವುದಿಲ್ಲ.

ವಿದೇಶಿ ಬೇಟೆಗಾರನ ಜೊತೆ ಸರ್ಕಾರದಲ್ಲಿ ನೋಂದಾಯಿತನಾದ ಬೇಟೆ ಮಾರ್ಗದರ್ಶಿ ಇರಲೇಬೇಕು. ನನ್ನ ಮಾರ್ಗದರ್ಶಿ ಜಮೀನಿನ ಒಡೆಯರೇ, ಜರ್ಮನ್ ಮೂಲದವರು. ಆದರೆ ಕಾಡಿನೊಳಗೆ ಹೋದ ಮೇಲೆ ನಿಜವಾದ ಯಜಮಾನಿಕೆ ಜಾಡುಗಾರರದು. ಅವರು ಒವಾಂಬೊ ಜನಾಂಗದ ಹಿರಿಯರು. ಅಲ್ಲಿನ ವಾಡಿಕೆಯಂತೆ ನಾವೆಲ್ಲರೂ ಅವರನ್ನು ಟಾಟೆ, ಎಂದರೆ ಅಪ್ಪ ಎಂದೇ ಕರೆಯುತ್ತಿದ್ದೆವು. ಜುಲೈ ತಿಂಗಳ ಮುಂಜಾವಿನಲ್ಲಿ ಬಾಲ್ದಿಯ ನೀರು ಹೆಪ್ಪುಗಟ್ಟುವಷ್ಟು ಚಳಿ. ನೀರು ಕುಡಿಯುವ ತೊಟ್ಟಿಯ ಸುತ್ತಲಿನ ಕೆಂಪು ಮರಳಿನಲ್ಲಿ ಟಾಟೆಯವರು ಒಂದು ಹೆಜ್ಜೆಗುರುತಿನ ಪಕ್ಕ ಕುಕ್ಕರಗಾಲಲ್ಲಿ ಕುಳಿತರು. ಗಂಡು ಕುಡುವಿನ ಗೊರಸಿನ ಗುರುತು ಹೆಣ್ಣಿನದಕ್ಕಿಂತ ಅಗಲವಾಗಿ, ದುಂಡಗಿರುತ್ತದೆ.

“ಟಾಟೆ, ಇದು ಇವತ್ತಿನದೇನು?” ಎಂದು ಕೇಳಿದೆ.

“ಅಲ್ಲಪ್ಪಾ, ಇಲ್ಲಿ ನೋಡು,” ಎಂದು ಕಡ್ಡಿಯ ತುದಿಯಿಂದ ತೋರಿಸಿದರು. ಗೊರಸಿನ ಗುರುತಿನ ಮೇಲೆ ದಾರದೆಳೆಯಂತೆ ಒಂದು ಹುಳು ಹರಿದುಹೋದ ಸಾಲಿತ್ತು. ರಾತ್ರಿ ಸಂಚರಿಸುವ ಹುಳು ಅದರ ಮೇಲೆ ನಡೆದಿದೆಯೆಂದರೆ ಗುರುತು ಹಿಂದಿನ ಸಂಜೆಯದು. ಇನ್ನೊಂದು ಗುರುತು ಅಂಥದೇ ಸಾಲನ್ನು ತುಳಿದು ಅಳಿಸಿತ್ತು. ಅಂಚು ಚೂಪಾಗಿ, ಗಾಳಿಗೆ ಇನ್ನೂ ಕುಸಿಯದೆ ನಿಂತಿತ್ತು. ಮುಂದೆ ಬಿದ್ದಿದ್ದ ಹಿಕ್ಕೆಯ ಮೇಲಿನ ಲೋಳೆಯ ಹೊಳಪು ಆರಿರಲಿಲ್ಲ. ಅಲ್ಲಿಂದ ನಮ್ಮ ನಡಿಗೆ ಶುರುವಾಯಿತು. ಒಡೆಯರು ಸಣ್ಣ ಬಟ್ಟೆಚೀಲದಿಂದ ಬೂದಿಯನ್ನು ಕೊಡವಿ ಗಾಳಿಯ ದಿಕ್ಕು ನೋಡುತ್ತಿದ್ದರು; ಗಾಳಿ ಬೆನ್ನಿಗೆ ಬಂದಾಗಲೆಲ್ಲ ಜಾಡನ್ನು ಬಿಟ್ಟು ಬಹುದೂರ ಬಳಸಿ ಬರಬೇಕಾಗುತ್ತಿತ್ತು.

ಮೊದಲು ನಾವು ಸಮೀಪಿಸಿದ್ದು ಗಂಡುಗಳ ಒಂದು ಸಣ್ಣ ಗುಂಪನ್ನು. ಅವುಗಳಲ್ಲಿ ಒಂದರ ಕೊಂಬು ನನ್ನ ಕಣ್ಣಿಗೆ ಭವ್ಯವಾಗಿ ಕಂಡಿತು. ನಿಂತ ಭಂಗಿಯೂ ಹೇಳಿ ಮಾಡಿಸಿದಂತಿತ್ತು. ಒಡೆಯರು ದುರ್ಬೀನನ್ನು ಕೆಳಗಿಳಿಸಿ ಬೇಡವೆಂದು ತಲೆಯಾಡಿಸಿದರು. ಕೊಂಬು ಎರಡು ಸುತ್ತು ತಿರುಗಿತ್ತಾದರೂ ತುದಿಗಳು ಇನ್ನೂ ಒಳಮುಖವಾಗಿದ್ದವು, ಕುತ್ತಿಗೆ ತೆಳ್ಳಗಿತ್ತು. ಅದು ಇನ್ನು ಮೇಲೆ ಹಿಂಡಿಗೆ ಮರಿಗಳನ್ನು ಕೊಡಬೇಕಾದ ಪ್ರಾಯದ ಗಂಡು. ಕೊಂಬಿನ ಉದ್ದವೊಂದನ್ನೇ ಅಳೆಯುವ ಬೇಟೆಗಾರರು ಇಂಥವನ್ನು ಹೊಡೆದುಹಾಕಿ ವಂಶವನ್ನೇ ಕೆಡಿಸುತ್ತಾರೆಂಬ ಕಾರಣಕ್ಕೆ ನಮೀಬಿಯಾದ ವೃತ್ತಿಪರ ಬೇಟೆಗಾರರ ಸಂಘವು ಪ್ರಾಣಿಯ ವಯಸ್ಸಿಗೆ ಮಾನ್ಯತೆ ನೀಡುವ ಅಳತೆಯ ಪದ್ಧತಿಯನ್ನು ತಂದಿದೆ. ನಾನು ಹುಡುಕಬೇಕಾಗಿದ್ದದ್ದು ಮುಪ್ಪಾದ ಗಂಡನ್ನು: ಕೊಂಬಿನ ತುದಿ ಹೊರಕ್ಕೆ ತಿರುಗಿ, ಬಿಳಿಯ ಮೊನೆ ಸವೆದು ಮೊಂಡಾಗಿರಬೇಕು, ಕುತ್ತಿಗೆ ದಪ್ಪವಾಗಿ, ಅದರ ಕೂದಲು ಉದುರಿ ಬೂದುಬಣ್ಣದ ಚರ್ಮ ಕಾಣುತ್ತಿರಬೇಕು, ಬಹುಮಟ್ಟಿಗೆ ಒಂಟಿಯಾಗಿರಬೇಕು. ಬಿಡುವ ಪ್ರಾಣಿಯನ್ನು ಸರಿಯಾಗಿ ಗುರುತಿಸುವುದೇ ಇಡೀ ಬೇಟೆಯ ಕಷ್ಟದ ವಿದ್ಯೆ, ಮತ್ತು ಅಲ್ಲಿ ನಾನು ಕಲಿತವುಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದೂ ಅದೇ.

ಅಂಥ ಗಂಡು ಸಿಕ್ಕಿದ್ದು ಇನ್ನೊಂದು ದಿನ ಮಧ್ಯಾಹ್ನ ದಾಟಿದ ಮೇಲೆ. ಟಾಟೆಯವರು ಬೆರಳೆತ್ತಿ ತೋರಿಸಿದ ಪೊದೆಯಲ್ಲಿ ನನಗೆ ಬಹಳ ಹೊತ್ತು ಏನೂ ಕಾಣಲಿಲ್ಲ. ಆಮೇಲೆ ಒಂದು ಕಿವಿ ಅಲುಗಿತು, ಅದರ ಹಿಂದೆ ಬಿಳಿಯ ಪಟ್ಟೆಗಳು ಒಂದೊಂದಾಗಿ ಮೂಡಿದವು. ಸುಮಾರು ನೂರು ಮೀಟರ್ ದೂರದಲ್ಲಿ ಅದು ಬಯಲಿಗೆ ಬಂದು ಅಡ್ಡಲಾಗಿ ನಿಂತಿತು. ಮುಂಗಾಲಿನ ಹಿಂಬದಿಯ ಗೆರೆಯನ್ನೇ ಹಿಡಿದು ಮೇಲಕ್ಕೆ ಬಂದು, ಮೈಯ ಎತ್ತರದ ಕೆಳಗಿನ ಮೂರನೇ ಒಂದು ಭಾಗ ಮುಗಿಯುವಲ್ಲಿ ಗುರಿಯಿಟ್ಟೆ. ಆಫ್ರಿಕಾದ ಹುಲ್ಲೆಗಳ ಹೃದಯ ನಾವು ಊಹಿಸುವುದಕ್ಕಿಂತ ಕೆಳಗೂ ಮುಂದೂ ಇರುತ್ತದೆ. ಅದರಲ್ಲೂ ಗೆಮ್ಸ್‌ಬಾಕಿನ ಹೆಗಲು ಉಬ್ಬಿರುವುದರಿಂದ ಮೇಲೆ ತಗುಲಿದ ಗುಂಡು ಬೆನ್ನುಮೂಳೆಯ ಮುಳ್ಳುಗಳಿಗೆ ಬಡಿದು ಪ್ರಾಣಿಯನ್ನು ಕೆಡಹುತ್ತದೆ, ಮರುಗಳಿಗೆಯಲ್ಲಿ ಅದು ಎದ್ದು ಓಡಿಬಿಡುತ್ತದೆ. ಈಡು ಬಿದ್ದೊಡನೆ ಕುಡು ಬೆನ್ನು ಬಾಗಿಸಿ ನೆಗೆದು ಪೊದೆಯೊಳಗೆ ನುಗ್ಗಿತು. ನಾನು ಕಲಿತಿದ್ದಂತೆ ಆ ಕ್ಷಣವೇ ಎರಡನೆಯ ತೋಟಾವನ್ನು ನಳಿಕೆಗೆ ಏರಿಸಿ ಗುರಿಯಲ್ಲೇ ಉಳಿದೆ.

ಕೂಡಲೇ ಬೆನ್ನಟ್ಟದೆ ಸ್ವಲ್ಪ ಹೊತ್ತು ಕಾದೆವು. ಟಾಟೆಯವರು ಮೊದಲ ರಕ್ತದ ಕಲೆಯನ್ನು ಹುಲ್ಲಿನ ಎಲೆಯ ಮೇಲೆ ತೋರಿಸಿದರು: ತಿಳಿಗುಲಾಬಿ ಬಣ್ಣ, ಸಣ್ಣ ಗುಳ್ಳೆಗಳ ನೊರೆ. ಅದು ಶ್ವಾಸಕೋಶದ ರಕ್ತ. ಕಡು ಬಣ್ಣದ್ದಾಗಿ ಹಸಿರು ಮೇವಿನ ಚೂರು ಬೆರೆತಿದ್ದರೆ ಗುಂಡು ಹೊಟ್ಟೆಗೆ ತಗುಲಿದೆಯೆಂದು ತಿಳಿದು ಹಲವು ಗಂಟೆ ಕಾಯಬೇಕಾಗುತ್ತಿತ್ತು. ಕುಡು ಸ್ವಲ್ಪ ದೂರದಲ್ಲೇ ಬಿದ್ದಿತ್ತು. ಹಿಂದಿನಿಂದ ಸಮೀಪಿಸಿ, ಉದ್ದನೆಯ ಕೋಲಿನ ತುದಿಯಿಂದ ಕಣ್ಣನ್ನು ಮುಟ್ಟಿ, ರೆಪ್ಪೆ ಅಲುಗದೆಂದು ಖಚಿತವಾದ ಮೇಲೆಯೇ ಕೋವಿಯ ತೋಟಾ ತೆಗೆದೆ. ಕೈಗವಸಿಲ್ಲದೆ ಅದರ ಬಾಯಿಯನ್ನು ಮುಟ್ಟಬಾರದೆಂದು ಒಡೆಯರು ಎಚ್ಚರಿಸಿದರು. ನಮೀಬಿಯಾದ ಕುಡುಗಳಲ್ಲಿ ರೇಬೀಸ್ ಜೊಲ್ಲಿನ ಮೂಲಕ ಒಂದರಿಂದ ಒಂದಕ್ಕೆ ಹಬ್ಬುತ್ತದೆ. 1977ರಲ್ಲಿ ತೊಡಗಿದ ಹಾವಳಿ ಹತ್ತಾರು ಸಾವಿರ ಕುಡುಗಳನ್ನು ಬಲಿ ತೆಗೆದುಕೊಂಡಿತ್ತು.

ಮಾಂಸದ ಒಂದು ತುಣುಕೂ ಪೋಲಾಗಲಿಲ್ಲ. ಕರುಳು, ಈಲಿ, ತಲೆಮಾಂಸ ಆ ಸಂಜೆಯೇ ಕೆಲಸಗಾರರ ಮನೆಗಳಿಗೆ ಹೋದವು. ತೊಡೆಗಳು ಶೀತಕೋಣೆ ಸೇರಿದವು. ಪಟ್ಟಿಪಟ್ಟಿಯಾಗಿ ಸೀಳಿದ ಮಾಂಸಕ್ಕೆ ಉಪ್ಪು, ಮೆಣಸು, ವಿನಿಗರ್ ಮತ್ತು ಹುರಿದು ಕುಟ್ಟಿದ ಕೊತ್ತಂಬರಿ ಬೀಜ ಸವರಿ ಚಳಿಗಾಳಿಗೆ ಒಣಗಿಸಿದರೆ ಬಿಲ್ಟಾಂಗ್ ಆಗುತ್ತದೆ. ಕೊತ್ತಂಬರಿಯ ಆ ವಾಸನೆಗೆ ನನಗೆ ಊರಿನ ಒಲೆಯ ಮೇಲಿನ ಹೊಗೆಯಲ್ಲಿ ತೂಗುತ್ತಿದ್ದ ಒಣಮಾಂಸ ನೆನಪಾಯಿತು. ಚರ್ಮಕ್ಕೆ ಉಪ್ಪು ತುಂಬಿ ಒಣಗಲು ಹಾಕಿದರು.

ಹಣದ ಲೆಕ್ಕ ಎರಡು ಭಾಗದ್ದು: ದಿನಕ್ಕಿಷ್ಟು ಎಂಬ ವಾಸದ ಶುಲ್ಕ ಒಂದು, ಹೊಡೆದ ಪ್ರಾಣಿಯ ಶುಲ್ಕ ಇನ್ನೊಂದು. ಗಾಯಗೊಂಡ ಪ್ರಾಣಿ ಸಿಗದೆ ಹೋದರೂ ಅದನ್ನು ಹೊಡೆದದ್ದೆಂದೇ ಲೆಕ್ಕ ಹಿಡಿಯುತ್ತಾರೆ. ಈ ನಿಯಮ ಸರಿಯಾದದ್ದೆಂದೇ ನಾನು ಹೇಳುತ್ತೇನೆ, ಏಕೆಂದರೆ ಅನುಮಾನವಿದ್ದಾಗ ಕುದುರೆಯ ಮೇಲಿನ ಬೆರಳನ್ನು ಅದು ತಡೆಯುತ್ತದೆ. ಕೊಂಬನ್ನು ಭಾರತಕ್ಕೆ ಒಯ್ಯುವ ವಿಚಾರವನ್ನು ಮಾಡದೆ ಜಮೀನಿನಲ್ಲೇ ಬಿಟ್ಟು ಬಂದೆ. ಇನ್ನೊಮ್ಮೆ ಹೋಗುವುದಾದರೆ ಕುನೇನೆ ಪ್ರಾಂತ್ಯದ ಒಂದು ಸಮುದಾಯ ಸಂರಕ್ಷಣಾ ಪ್ರದೇಶಕ್ಕೆ ಹೋಗುವ ಇಚ್ಛೆಯಿದೆ. ಅಲ್ಲಿ ಶುಲ್ಕದ ಹಣದಿಂದ ಹಳ್ಳಿಯ ಕಾವಲುಗಾರರಿಗೆ ಸಂಬಳ ಸಿಗುತ್ತದೆ, ಮಾಂಸ ಮನೆಮನೆಗೆ ಹಂಚಿಕೆಯಾಗುತ್ತದೆ. ಮುಂಗಡ ಕೊಡುವ ಮೊದಲು ಆ ಪ್ರದೇಶಕ್ಕೆ ಆ ವರ್ಷ ಯಾವ ಪ್ರಾಣಿ ಎಷ್ಟು ಮಂಜೂರಾಗಿದೆಯೆಂಬ ಪಟ್ಟಿಯನ್ನು ಕೇಳಿ ನೋಡುವುದೆಂದು ಈಗಲೇ ನಿರ್ಧರಿಸಿದ್ದೇನೆ.