ಸೂಪರ್‌ನೋವಾ ನೋಡಬೇಕಾ? ಮೊದಲು ಅರುಂಧತಿ ಹುಡುಕಿ

2023ರ ಮೇ 19, ಅಮಾವಾಸ್ಯೆ. ಜಪಾನಿನ ಹವ್ಯಾಸಿ ಆಕಾಶ ವೀಕ್ಷಕ ಕೊಯಿಚಿ ಇತಗಾಕಿ ಅವತ್ತು ಎಂ101 ಎಂಬ ಸುರುಳಿ ಗ್ಯಾಲಕ್ಸಿಯಲ್ಲಿ ಹೊಸ ಚುಕ್ಕಿಯೊಂದನ್ನು ಪತ್ತೆ ಮಾಡಿದರು. ನಮ್ಮಿಂದ ಸುಮಾರು 2 ಕೋಟಿ 10 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿ ಒಂದು ಕೆಂಪು ಮಹಾದೈತ್ಯ ನಕ್ಷತ್ರ ತನ್ನ ಭಾರಕ್ಕೆ ತಾನೇ ಕುಸಿದು ಸಿಡಿದಿತ್ತು. ಹೀಗೆ ಸಿಡಿದ ನಕ್ಷತ್ರವೇ ಸೂಪರ್‌ನೋವಾ. ಅದೇ ಗ್ಯಾಲಕ್ಸಿಯಲ್ಲಿ 2011ರಲ್ಲೂ ಒಂದು ಸಿಡಿದಿತ್ತು. ಇನ್ನೊಂದು ಯಾವಾಗಲೋ ಗೊತ್ತಿಲ್ಲ, ಈಗಲೇ ದಾರಿ ಕಲಿತಿಡಿ.

ಬರಿಗಣ್ಣಿಗೆ ಸಿಗಲ್ಲ. 2023ರದ್ದು ಅತಿ ಹೆಚ್ಚು ಹೊಳೆದಾಗಲೂ ಪ್ರಕಾಶಮಾನ 11ರ ಆಸುಪಾಸು (ಈ ಅಂಕಿ ಹೆಚ್ಚಿದಷ್ಟೂ ಚುಕ್ಕಿ ಮಂಕು), ಅಂದರೆ ಕಣ್ಣಿಗೆ ಕಾಣುವ ಅತಿ ಮಂಕು ನಕ್ಷತ್ರಕ್ಕಿಂತ 100 ಪಟ್ಟು ಮಂಕು. 6 ಇಂಚಿನ ಟೆಲಿಸ್ಕೋಪ್ ಸಾಕು, ಆದರೆ ಕತ್ತಲೆ ಬೇಕೇ ಬೇಕು. ವಿಜಯಪುರದ ಮಾಳಿಗೆ ಮೇಲೆ ನಿಂತು ಒದ್ದಾಡಬೇಡಿ. ನಾನು ತಿಕೋಟಾ ಕಡೆ ಕಾಕಾನ ದ್ರಾಕ್ಷಿ ತೋಟಕ್ಕೆ ಹೋದೆ. ಅಲ್ಲಿಂದ ಊರಿನ ಬೆಳಕು ಪೂರ್ವಕ್ಕೆ ಉಳಿಯುತ್ತದೆ, ನಮಗೆ ಬೇಕಾದ ಉತ್ತರ ದಿಕ್ಕು ಕಪ್ಪಗಿರುತ್ತದೆ. ಪಂಪ್‌ಸೆಟ್ ಮನೆಯ ಬಲ್ಬ್ ಆರಿಸಿ, ಟಾರ್ಚಿಗೆ ಕೆಂಪು ಜಿಲೆಟಿನ್ ಹಾಳೆ ಸುತ್ತಿ, ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಅರ್ಧ ತಾಸು ಮೊಬೈಲ್ ಮುಟ್ಟದೆ ಸುಮ್ನೆ ಕೂತಿರಿ.

ಮೇ ಕೊನೆಗೆ ರಾತ್ರಿ ಹತ್ತೂವರೆ ಹೊತ್ತಿಗೆ ಉತ್ತರಕ್ಕೆ ಮುಖ ಮಾಡಿದರೆ ಸಪ್ತರ್ಷಿ ಮಂಡಲ ಎತ್ತರದಲ್ಲಿ ಮಗುಚಿ ಮಲಗಿರುತ್ತದೆ. ಬಾಲದಲ್ಲಿ ವಸಿಷ್ಠ, ಪಕ್ಕಕ್ಕೇ ಅಂಟಿದಂತೆ ಅರುಂಧತಿ (ಮದುವೆಯಲ್ಲಿ ಹಗಲು ಹೊತ್ತಲ್ಲೇ ತೋರಿಸ್ತಾರಲ್ಲ, ಅದೇ). ಬಾಲದ ತುದಿಯದು ಮರೀಚಿ. ವಸಿಷ್ಠ, ಮರೀಚಿ ಎರಡನ್ನೂ ಹಿಡಿದು ಬಲಕ್ಕೆ ಸಮಬಾಹು ತ್ರಿಕೋನ ಎಳೆಯಿರಿ, ಮೂರನೇ ಮೂಲೆಯಲ್ಲಿ ಎಂ101 ಇದೆ. ಗ್ಯಾಲಕ್ಸಿ ಹೊಗೆ ಊದಿದಷ್ಟೇ ಮಸುಕು, ನೇರ ನೋಡಿದರೆ ಮಾಯ, ಸ್ವಲ್ಪ ಪಕ್ಕಕ್ಕೆ ನೋಡಿದರೆ ಹಾಜರು.

ಇಲ್ಲೇ ನಾನು ಎಡವಿದ್ದು. ಪ್ರಿಂಟ್ ಮಾಡಿದ ನಕ್ಷೆ ಕೈಯಲ್ಲಿತ್ತು, ನಲವತ್ತು ನಿಮಿಷ ಒಂದು ಚುಕ್ಕಿಯನ್ನೇ ಸೂಪರ್‌ನೋವಾ ಅಂತ ಖುಷಿಪಟ್ಟು ನೋಡಿದೆ. ಅದು ನಮ್ಮದೇ ಆಕಾಶಗಂಗೆಯ ಯಾವುದೋ ನಕ್ಷತ್ರ. ಕನ್ನಡಿ ಟೆಲಿಸ್ಕೋಪಿನಲ್ಲಿ ಚಿತ್ರ ತಲೆಕೆಳಗಾಗಿ ಕಾಣುತ್ತೆ, ನಾನು ನಕ್ಷೆ ತಿರುಗಿಸಿರಲೇ ಇಲ್ಲ! ಹಾಳೆಯನ್ನು ಪೂರ್ತಿ ತಲೆಕೆಳಗು ಹಿಡಿದ ಮೇಲೆ ಪಕ್ಕದ ಚುಕ್ಕಿಗಳೆಲ್ಲ ತಾಳೆಯಾದವು. ಕಾಕಾ ಒಂದು ಕಣ್ಣು ಮುಚ್ಚಿ ನೋಡಿ "ಇಷ್ಟಕ್ಕ ನಿದ್ದಿ ಕೆಡಿಸಿದೇನು?" ಅಂದರು.

ಕಂಡದ್ದನ್ನು ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳಿ. ಮನೆಗೆ ಬಂದು ಸಿಡಿಯುವ ಮೊದಲಿನ ಫೋಟೊ ಜೊತೆ ಹೋಲಿಸಿ, ಅದರಲ್ಲಿ ಆ ಚುಕ್ಕಿ ಇರಬಾರದು. ಸುದ್ದಿ ಮೇನಲ್ಲಿ ಬಂದರೆ ತಡ ಮಾಡಬೇಡಿ, ಕಾರಹುಣ್ಣಿಮೆ ಹತ್ತಿರ ಬಂದರೆ ಬೆಳದಿಂಗಳು, ಅದರ ಹಿಂದೆಯೇ ಮುಂಗಾರು ಮೋಡ.