ಸೆಸ್ನಾ 172ರಲ್ಲಿ ವ್ಯಾಂಕೂವರ್ ಇಂಟರ್‌ನ್ಯಾಷನಲ್‌ಗೆ: ನನ್ನ ಅನುಭವ

ಸಿಯಾಟಲ್ ಪಕ್ಕದ ಪೇನ್ ಫೀಲ್ಡಿನಿಂದ ಬಾಡಿಗೆ ಸೆಸ್ನಾ (ನಾಲ್ಕು ಸೀಟಿನ ಪುಟ್ಟ ವಿಮಾನ) ತೆಗೆದುಕೊಂಡು ಕೆನಡಾಕ್ಕೆ ಹೋಗುವವರು ಬೇಕಾದಷ್ಟು ಜನ ಇದ್ದಾರೆ. ಬಹುತೇಕರು ವ್ಯಾಂಕೂವರ್ ಪಕ್ಕದ ಸಣ್ಣ ನಿಲ್ದಾಣ ಬೌಂಡರಿ ಬೇಯಲ್ಲಿ ಇಳಿದು ಬರುತ್ತಾರೆ. ನಾನು ವೈವಿಆರ್‌ನಲ್ಲೇ (ವ್ಯಾಂಕೂವರ್ ಇಂಟರ್‌ನ್ಯಾಷನಲ್) ಇಳಿಯುತ್ತೇನೆ ಅಂದಾಗ ವಿಮಾನ ಬಾಡಿಗೆ ಕೊಡುವ ಕ್ಲಬ್ಬಿನಲ್ಲಿ ಸಿಕ್ಕ ಉತ್ತರ ಮೂರೇ: ಒಳಗೆ ಬಿಡುವುದಿಲ್ಲ, ದುಡ್ಡು ಸುಲಿಯುತ್ತಾರೆ, 777ರಂಥ ದೊಡ್ಡ ಜೆಟ್ ಹಿಂದೆ ಬಿಡುವ ಗಾಳಿಸುಳಿಗೆ ಸಿಕ್ಕಿ ಮಗುಚಿಕೊಳ್ಳುತ್ತೀಯ. ಮೊದಲ ಎರಡು ಪ್ರಯತ್ನ ಕೆಟ್ಟವು. ಆಮೇಲೆ ಆರು ಸಲ ಇಳಿದಿದ್ದೇನೆ, ಒಂದೂ ತಪ್ಪಿಲ್ಲ. ಇದನ್ನು ಬರೆಯುತ್ತಿರುವುದು ಆ ಮೂರು ಉತ್ತರ ಕೊಟ್ಟವರಿಗೂ ಸೇರಿಸಿ.

ದೂರ ಸುಮಾರು 85 ನಾಟಿಕಲ್ ಮೈಲಿ, ಹಾಬ್ಸ್‌ನಲ್ಲಿ (ಬಾಡಿಗೆ ಲೆಕ್ಕ ಹಾಕುವ ಗಂಟೆಯ ಮೀಟರ್) 1.1 ಗಂಟೆಯ ಆಸುಪಾಸು. ಹಾರಾಟ ಇದರಲ್ಲಿ ಸುಲಭದ ಪಾಲು. ಕೈಕೊಡುವುದು ಹೆಸರು, ಗಡಿಯಾರ ಮತ್ತು ಫೋನು.

ಮೊದಲು ಹೆಸರು. ನಮ್ಮ ಕಡೆಯವರಿಗೆ ಇದೇ ದೊಡ್ಡ ತಲೆನೋವು. ಅಪ್ಪನ ಹೆಸರು, ಊರಿನ ಹೆಸರು ಇನಿಷಿಯಲ್ ಆಗಿ, ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ ಬಿಟ್ಟವರು ಎಷ್ಟೋ ಜನ. ಅಮೆರಿಕದ ವೀಸಾದಲ್ಲಿ ಅಂಥವರ ಪೂರ್ತಿ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ, ಗಿವನ್ ನೇಮ್‌ನಲ್ಲಿ ಎಫ್‌ಎನ್‌ಯು (ಫಸ್ಟ್ ನೇಮ್ ಅನ್‌ನೋನ್) ಕೂತಿರುತ್ತದೆ. ಪೈಲಟ್ ಸರ್ಟಿಫಿಕೇಟಿನಲ್ಲಿ ಇನ್ನೊಂದು ಥರ. ಇಎಪಿಐಎಸ್‌ನಲ್ಲಿ (ಯಾರು ಹಾರುತ್ತಿದ್ದಾರೆ ಎಂದು ಅಮೆರಿಕದ ಗಡಿ ಇಲಾಖೆಗೆ ತಿಳಿಸುವ ವೆಬ್‌ಸೈಟು) ಪ್ರಯಾಣದ ದಾಖಲೆಯಲ್ಲಿ ಹೇಗಿದೆಯೋ ಹಾಗೇ ತುಂಬಬೇಕು, ರೂಢಿಯ ಹೆಸರು ಬೇಡ. ಜೊತೆಗೆ ಬರುವವರಿಂದ ಹೆಸರನ್ನು ವಾಟ್ಸಾಪಿನಲ್ಲಿ ಟೈಪ್ ಮಾಡಿಸಿಕೊಳ್ಳಬೇಡಿ, ಪಾಸ್‌ಪೋರ್ಟಿನ ಫೋಟೋ ತರಿಸಿಕೊಳ್ಳಿ. ಭಾರತದ ಪಾಸ್‌ಪೋರ್ಟ್ ಜೊತೆ ಗ್ರೀನ್ ಕಾರ್ಡ್ ಇದ್ದರೆ ಕೆನಡಾಕ್ಕೆ ಅವೆರಡೇ ಸಾಕು. ಎಚ್1ಬಿಯವರಿಗೆ ಕೆನಡಾ ವೀಸಾ ಬೇಕೇ ಬೇಕು. ವಾಪಸಾಗುವಾಗ ಅಮೆರಿಕದ ವೀಸಾ ಸ್ಟ್ಯಾಂಪ್ ಮುಗಿದಿದ್ದರೂ ಐ-94 (ಅಲ್ಲಿ ಎಷ್ಟು ದಿನ ಇರಬಹುದು ಎಂಬ ದಾಖಲೆ) ಚಾಲ್ತಿಯಲ್ಲಿದ್ದು, ಹೋಗಿದ್ದು 30 ದಿನದೊಳಗಾದರೆ ಸಾಮಾನ್ಯವಾಗಿ ನಡೆಯುತ್ತದೆ. ಕೆನಡಾದಲ್ಲಿದ್ದಾಗ ಹೊಸ ಸ್ಟ್ಯಾಂಪಿಗೆ ಅರ್ಜಿ ಹಾಕಿದರೆ ಮಾತ್ರ ಆ ಸೌಲಭ್ಯ ಹೋಯಿತು.

ವಿಮಾನದ ಕಾಗದಗಳಲ್ಲಿ ಎಲ್ಲರೂ ಮರೆಯುವುದು ಎರಡು. ದೇಶದೊಳಗೆ ಯಾರೂ ಕೇಳದ ಎಫ್‌ಸಿಸಿ (ಅಮೆರಿಕದ ಸಂಪರ್ಕ ಆಯೋಗ) ರೇಡಿಯೋ ಸ್ಟೇಷನ್ ಲೈಸೆನ್ಸು ಮತ್ತು ನಿಮ್ಮ ಹೆಸರಿನ ರೇಡಿಯೋ ಪರ್ಮಿಟ್ಟು ಗಡಿ ದಾಟಿದರೆ ಬೇಕು. ವಿಮಾನ ಈಚೆಗೆ ಕೈ ಬದಲಾಗಿ ತಾತ್ಕಾಲಿಕ ರಿಜಿಸ್ಟ್ರೇಷನ್ ಮೇಲೆ ಓಡುತ್ತಿದ್ದರೆ ಅದನ್ನು ಬಿಟ್ಟು ಬೇರೆ ವಿಮಾನ ಹಿಡಿಯಿರಿ, ಆ ಚೀಟಿ ಅಮೆರಿಕದ ಹೊರಗೆ ನಡೆಯುವುದಿಲ್ಲ. ಆ ವರ್ಷದ ಸಿಬಿಪಿ ಡೀಕಲ್ (ಅಮೆರಿಕದ ಗಡಿ ಇಲಾಖೆಯ ಸ್ಟಿಕ್ಕರು), ಕ್ಲಬ್ಬಿನ ಅನುಮತಿ ಪತ್ರ, ಕೆನಡಾವನ್ನೂ ಒಳಗೊಂಡ ವಿಮೆಯ ಪತ್ರ, 406ರ ಇಎಲ್‌ಟಿ (ಅಪಘಾತವಾದರೆ ಸಂಕೇತ ಕಳಿಸುವ ಪೆಟ್ಟಿಗೆ), ಇವನ್ನು ಹಿಂದಿನ ದಿನವೇ ಕಣ್ಣಾರೆ ನೋಡಿ. ಸೀಟಿನ ಹಿಂದಿನ ಜೇಬುಗಳನ್ನೂ ತಡಕಿ. ಹಿಂದಿನ ಬಾಡಿಗೆಯವರು ಬಿಟ್ಟುಹೋದ ಪೆಪ್ಪರ್ ಸ್ಪ್ರೇ ಒಮ್ಮೆ ಸಿಕ್ಕಿತ್ತು. ಕೆನಡಾದಲ್ಲಿ ಅದು ನಿಷೇಧಿತ ಆಯುಧ.

ಇನ್ನು ಗಡಿಯಾರ. ಮೊದಲ ಪ್ರಯತ್ನ ಕೆಟ್ಟಿದ್ದು ಇದರಿಂದ. ಇಎಪಿಐಎಸ್‌ನಲ್ಲಿ ತುಂಬುವುದು ಸ್ಥಳೀಯ ಸಮಯ, ಐಕಾವೋ ನಮೂನೆಯ ಫ್ಲೈಟ್ ಪ್ಲಾನಿನಲ್ಲಿ ಝುಲು, ಅಂದರೆ ಗ್ರೀನ್‌ವಿಚ್ ಸಮಯ. ಒಂದನ್ನು ನೋಡಿಕೊಂಡು ಇನ್ನೊಂದನ್ನು ತುಂಬಿದ್ದೆ, ಏಳು ಗಂಟೆ ವ್ಯತ್ಯಾಸ. ಮ್ಯಾನಿಫೆಸ್ಟ್ (ಇಎಪಿಐಎಸ್‌ನಲ್ಲಿ ತುಂಬುವ ಪಟ್ಟಿ) ವಿಮಾನ ಹೊರಡುವುದಕ್ಕೆ ಕನಿಷ್ಠ 60 ನಿಮಿಷ ಮುಂಚೆ ಹೋಗಿರಬೇಕು. ಅದನ್ನು ತಿದ್ದಿ, ಮತ್ತೆ ಮಂಜೂರಾತಿಯ ಮೇಲ್‌ಗೆ ಕಾದು, ಕೆನಡಾ ಕಸ್ಟಮ್ಸ್‌ಗೆ ಇಳಿಯುವ ಹೊಸ ಸಮಯ ಹೇಳುವಷ್ಟರಲ್ಲಿ ಬಾಡಿಗೆಯ ಸ್ಲಾಟ್ ಮುಗಿದೇ ಹೋಯಿತು. ವಿಮಾನ ನೆಲ ಬಿಡದೆ ಮಿನಿಮಮ್ ಚಾರ್ಜ್ ಅಂತ ಸುಮಾರು 180 ಡಾಲರ್ ದಂಡ. ಈಗ ಹೋಗುವ ಮತ್ತು ಬರುವ ಎರಡೂ ಮ್ಯಾನಿಫೆಸ್ಟುಗಳನ್ನು ಹಿಂದಿನ ರಾತ್ರಿಯೇ ಕಳಿಸಿ, ನೀಬೋರ್ಡಿನ (ತೊಡೆಗೆ ಕಟ್ಟಿಕೊಳ್ಳುವ ಹಲಗೆ) ಹಾಳೆಯಲ್ಲಿ ಎರಡು ಕಾಲಂ ಎಳೆದು ಪೆಸಿಫಿಕ್, ಝುಲು ಅಕ್ಕಪಕ್ಕ ಬರೆದಿಡುತ್ತೇನೆ.

ಕೆನಡಾ ಕಸ್ಟಮ್ಸ್‌ನ ಟೆಲಿಫೋನ್ ರಿಪೋರ್ಟಿಂಗ್‌ಗೆ ಇಳಿಯುವುದಕ್ಕೆ 2ರಿಂದ 48 ಗಂಟೆ ಮುಂಚೆ ಕರೆ ಮಾಡಬೇಕು. ಹೇಳಿದ ಹೊತ್ತಿಗಿಂತ ಮುಂಚೆ ಇಳಿಯುವುದು ತಡವಾಗುವುದಕ್ಕಿಂತ ಕೆಟ್ಟದ್ದು, ಬಾಗಿಲು ತೆಗೆಯದೆ ಒಳಗೇ ಕೂತು ಬೇಯಬೇಕು. ಅದಕ್ಕೆ ಲೆಕ್ಕ ಹಾಕಿದ ಸಮಯಕ್ಕೆ ಕಾಲು ಗಂಟೆ ಸೇರಿಸಿಯೇ ಹೇಳುತ್ತೇನೆ. ಇಳಿದು ನಿಂತ ಮೇಲೆ ಅದೇ ನಂಬರಿಗೆ ಮತ್ತೆ ಕರೆ. ಹೋಗಬಹುದು ಅಂದರೆ ಒಂದು ರಿಪೋರ್ಟ್ ನಂಬರ್ ಕೊಡುತ್ತಾರೆ, ಅದೇ ನಿಮ್ಮ ಪುರಾವೆ, ಬರೆದುಕೊಳ್ಳಿ. ಫೋನಿನಲ್ಲಿ ರೋಮಿಂಗ್ ಇಲ್ಲದಿದ್ದರೆ ಏಪ್ರನ್ (ವಿಮಾನ ನಿಲ್ಲಿಸುವ ಜಾಗ) ಮೇಲೆ ನಿಂತು ಯಾರ ಮುಖ ನೋಡುತ್ತೀರಿ? ಫೋರ್‌ಫ್ಲೈಟ್ (ಪೈಲಟ್‌ಗಳ ನಕ್ಷೆಯ ಆ್ಯಪ್) ಅಮೆರಿಕ ಪ್ಯಾಕ್‌ನಲ್ಲಿ ಕೆನಡಾದ ಚಾರ್ಟ್ ಬರುವುದಿಲ್ಲ ಎಂಬುದೂ ಗಡಿ ಹತ್ತಿರ ಬಂದಾಗ ತಿಳಿದುಕೊಳ್ಳಬೇಕಾದ ವಿಷಯವಲ್ಲ. ವ್ಯಾಂಕೂವರ್ ವಿಟಿಎ (ನಗರದ ಸುತ್ತಲಿನ ಹಾರಾಟದ ನಕ್ಷೆ) ಕಾಗದದ್ದೇ ಕೊಂಡಿದ್ದೇನೆ.

ಎರಡನೆಯ ಸೋಲು ಆಕಾಶದಲ್ಲಿ. ಅಮೆರಿಕದಲ್ಲಿ ಕ್ಲಾಸ್ ಸಿ (ದೊಡ್ಡ ನಿಲ್ದಾಣದ ಸುತ್ತಲಿನ ನಿಯಂತ್ರಿತ ಆಕಾಶದ ಒಂದು ವರ್ಗ) ಅಂದರೆ ಕಂಟ್ರೋಲರ್ ನಮ್ಮ ಕಾಲ್‌ಸೈನ್ ಹಿಡಿದು ಮಾತಾಡಿಸಿದರೆ ಸಾಕು, ನುಗ್ಗಬಹುದು. ಕೆನಡಾದ ಕ್ಲಾಸ್ ಸಿ ಅಮೆರಿಕದ ಕ್ಲಾಸ್ ಬಿ ಥರ, ವಿಎಫ್‌ಆರ್‌ಗೂ (ಹೊರಗೆ ಕಣ್ಣಿಟ್ಟು ಹಾರುವುದು) ಕ್ಲಿಯರೆನ್ಸ್, ಅಂದರೆ ಸ್ಪಷ್ಟ ಅನುಮತಿ ಬೇಕು. ಅಭ್ಯಾಸದ ಕೈ ಸುಮ್ಮನಿರದೆ ಮುಂದೆ ಹೋಗುತ್ತದೆ. ಕೊನೇ ಗಳಿಗೆಯಲ್ಲಿ ನೆನಪಾಗಿ ತಿರುಗಿಸಿದೆ, ಗಡಿಯಾಚೆಯ ವೈಟ್ ರಾಕ್ ಊರಿನ ಮೇಲೆ ಇಪ್ಪತ್ತು ನಿಮಿಷ ಸುತ್ತಿದೆ, ಆಮೇಲೆ ಬೌಂಡರಿ ಬೇಗೇ ಹೋದೆ. ಇಳಿಯುವ ಜಾಗ ಬದಲಾಗಿದ್ದನ್ನು ಕಸ್ಟಮ್ಸ್‌ಗೂ ತಿಳಿಸಬೇಕಾಯಿತು. ಈಗ ಗಡಿಯ ಈಚೆಗಿರುವ ಸ್ಕ್ಯಾಜಿಟ್ ದಾಟುವ ಮೊದಲೇ ಫ್ಲೈಟ್ ಫಾಲೋಯಿಂಗ್ (ಕಂಟ್ರೋಲರ್ ರಾಡಾರಿನಲ್ಲಿ ನಮ್ಮ ಮೇಲೆ ಕಣ್ಣಿಡುವ ಸೇವೆ) ಹಿಡಿದಿರುತ್ತೇನೆ. ಪ್ಲಾನ್ ಓಪನ್ ಆಗಿರುವುದು, ರಾಡಾರಿನಲ್ಲಿ ನಮ್ಮೊಬ್ಬರನ್ನೇ ಗುರುತಿಸುವ ಸ್ಕ್ವಾಕ್ ಕೋಡ್ ಇರುವುದು ಗಡಿ ದಾಟಲು ಹೇಗೂ ಕಡ್ಡಾಯ. ಟರ್ಮಿನಲ್‌ಗೆ (ನಿಲ್ದಾಣದ ಸುತ್ತಲಿನ ರಾಡಾರ್ ಕಂಟ್ರೋಲರ್‌ಗಳು, ಅಲ್ಲಿ ಅಪ್ರೋಚ್ ಅನ್ನುವುದಿಲ್ಲ) ಕೊಟ್ಟ ಮೊದಲ ಕರೆಯಲ್ಲೇ ವೈವಿಆರ್, ಫುಲ್ ಸ್ಟಾಪ್ (ಇಳಿದು ನಿಲ್ಲುತ್ತೇನೆ), ಸೌತ್ ಟರ್ಮಿನಲ್, ಎಟಿಸ್ (ನಿಲ್ದಾಣದ ಹವಾಮಾನದ ಧ್ವನಿಮುದ್ರಿಕೆ) ಅಕ್ಷರ, ಎಲ್ಲ ಒಂದೇ ಉಸಿರಿನಲ್ಲಿ. ಆಮೇಲೆ ಕ್ಲಿಯರ್ಡ್ ಎಂಬ ಪದ ಕಿವಿಗೆ ಬೀಳುವವರೆಗೆ ದಡದ ಮೇಲೇ ನಿಲ್ಲುವುದು. ದಡ ಬಿಟ್ಟು ಗ್ಲೈಡ್ ದೂರದಾಚೆ ನೀರಿನ ಮೇಲೆ ಹೋಗುವುದಾದರೆ ತಲೆಗೊಂದು ಲೈಫ್ ಜಾಕೆಟ್ ಬೇಕು, ಅದೂ ಅಲ್ಲಿನ ಕಾನೂನೇ.

ಯಾವ ಹೊತ್ತಿಗೆ ಹೋದರೆ ಕಾಯಿಸದೆ ಬಿಡುತ್ತಾರೆ ಎಂಬ ಪ್ರಶ್ನೆಗೆ ಉತ್ತರ ನನ್ನಲ್ಲಿದೆ, ಬರೆಯುವುದಿಲ್ಲ. ಬರೆದರೆ ಆ ಹೊತ್ತೂ ತುಂಬುತ್ತದೆ. ಒಂದು ವಾರ ಅಲ್ಲಿನ ಆಗಮನದ ಪಟ್ಟಿ ನೋಡಿದರೆ ನಿಮಗೂ ಸಿಗುತ್ತದೆ. ಅಕ್ಟೋಬರಿನಿಂದ ಚಳಿಗಾಲ ಮುಗಿಯುವವರೆಗೆ ಬೆಳಿಗ್ಗೆ ಮಾತ್ರ ಬೇಡ. ಫ್ರೇಸರ್ ನದಿಯ ಮುಖಜ ಭೂಮಿಯ ಮೇಲೆ ಮಂಜು ಕೂತರೆ ಗಡಿಯ ಈಚೆ ಬೆಲಿಂಗ್‌ಹ್ಯಾಮ್‌ನಲ್ಲಿ ಬಿಸಿಲಿದ್ದರೂ ಪ್ರಯೋಜನವಿಲ್ಲ.

ಈಗ ದೊಡ್ಡವರ ನಡುವೆ ಇಳಿಯುವ ವಿಷಯ. ಟವರ್ 'ಕೀಪ್ ಯುವರ್ ಸ್ಪೀಡ್ ಅಪ್' ಅನ್ನುತ್ತದೆ, ಅಂದೇ ಅನ್ನುತ್ತದೆ. ಇದಕ್ಕಾಗಿ ಪೇನ್ ಫೀಲ್ಡಿನ ಉದ್ದದ ರನ್‌ವೇ ಮೇಲೆ (9,010 ಅಡಿ) ಎರಡು ಸಂಜೆ ಬರೀ ಇದನ್ನೇ ಮಾಡಿದೆ: 172ಎಸ್, ಫ್ಲಾಪ್ (ವೇಗ ತಗ್ಗಿಸಲು ರೆಕ್ಕೆಯ ಹಿಂದೆ ಇಳಿಸುವ ಹಲಗೆ) ಇಲ್ಲ, 110 ನಾಟ್‌ನಲ್ಲಿ ಫೈನಲ್ (ರನ್‌ವೇಗೆ ನೇರವಾದ ಕೊನೆಯ ಹಾದಿ), ಇಳಿತ ನಿಮಿಷಕ್ಕೆ 550 ಅಡಿ. ಎರಡು ಮೈಲಿಯಲ್ಲಿ ಪವರ್ ತೆಗೆದರೆ ಆರಾಮ. ಒಂದು ಮೈಲಿಯಲ್ಲಿ ತೆಗೆದರೆ ರನ್‌ವೇ ಶುರುವಾಗುವಲ್ಲಿ ಇನ್ನೂ 80 ಚಿಲ್ಲರೆ ನಾಟ್ ಇರುತ್ತದೆ, ತೇಲಿಕೊಂಡು ಎರಡು ಸಾವಿರ ಅಡಿಯಾಚೆ ಕೂರುತ್ತದೆ. ನನಗೆ ಕೂತಿದ್ದು ಒಂದೂವರೆ ಮೈಲಿ. ಪವರ್ ಐಡಲ್, ಮೂಗನ್ನು ಸ್ವಲ್ಪ ಹಿಡಿದು, 110ರ ಒಳಗೆ ಬಂದದ್ದೇ 10 ಡಿಗ್ರಿ ಫ್ಲಾಪ್, 85ರ ಒಳಗೆ ಉಳಿದದ್ದು. 90ರಲ್ಲಿ 20 ಎಳೆಯುವ ಆಸೆ ಬರುತ್ತದೆ, ಹಾಳಾಗುವ ಫ್ಲಾಪ್ ಟ್ರ್ಯಾಕ್ ಕ್ಲಬ್ಬಿನದ್ದು, ಬಿಲ್ಲು ನಿಮ್ಮದು. ಫಾರ್ವರ್ಡ್ ಸ್ಲಿಪ್ (ವಿಮಾನವನ್ನು ಓರೆ ಮಾಡಿ ಜಾರಿಸಿ ಇಳಿಸುವುದು) ಹಾಕಿಯೂ ನೋಡಿದೆ. ಕೆಲಸ ಮಾಡುತ್ತದೆ, ಹಿಂದಿನ ಸೀಟಿನವರಿಗೆ ವಾಂತಿ ಬರುತ್ತದೆ.

ಮುಂದಿರುವುದು ಹೆವಿ (ಭಾರೀ ಜೆಟ್) ಆದರೆ ಪಾಪಿಯಲ್ಲಿ (ಇಳಿಯುವ ಎತ್ತರ ಸರಿಯೇ ಎಂದು ತೋರಿಸುವ ದೀಪಗಳು) ನಾಲ್ಕೂ ಬಿಳಿ ಕಾಣುವ ಹಾಗೆ ಮೇಲೇ ಇರಿ, ಅದರ ಚಕ್ರ ಎಲ್ಲಿ ಹೊಗೆ ಎಬ್ಬಿಸಿತೋ ಗುರುತಿಟ್ಟು ಅದರಾಚೆ ಕೂರಿ. ವೈವಿಆರ್‌ನ ದಕ್ಷಿಣದ ರನ್‌ವೇ ಹನ್ನೊಂದು ಸಾವಿರ ಅಡಿಗೂ ಉದ್ದ, ನಮಗೆ ಬೇಕಾದ್ದು ಅದರಲ್ಲಿ ಚೂರು. ಎದುರುಗಾಳಿ ಇಲ್ಲದೆ ಮೂರ್ನಾಲ್ಕು ನಾಟ್ ಓರೆಗಾಳಿ ಮಾತ್ರ ಇದ್ದರೆ ಹೆಚ್ಚು ಹುಷಾರು. ಬಿರುಗಾಳಿಯಲ್ಲಿ ಸುಳಿ ಒಡೆದು ಹೋಗುತ್ತದೆ, ಮಂದ ಓರೆಗಾಳಿಯಲ್ಲಿ ಒಂದು ಸುಳಿ ರನ್‌ವೇ ಮೇಲೇ ನಿಂತುಬಿಡುತ್ತದೆ. ಅಂಥ ದಿನ ಅಂತರ ಕೇಳಿ ಪಡೆಯಿರಿ, ಸಂಕೋಚ ಬೇಡ. ಹೊರಡುವಾಗ ವಿಎಫ್‌ಆರ್ ಆದರೂ ಮೊದಲು ಕ್ಲಿಯರೆನ್ಸ್ ಡೆಲಿವರಿಗೆ (ಹೊರಡುವ ಅನುಮತಿ ಕೊಡುವ ರೇಡಿಯೋ) ಕರೆ. ಟ್ಯಾಕ್ಸಿ ಉಳಿಸಲು ರನ್‌ವೇಯ ನಡುವಿನ ಇಂಟರ್‌ಸೆಕ್ಷನ್‌ನಿಂದ ಹೊರಡೋಣ ಅನಿಸುತ್ತದೆ, ಆದರೆ ಹೆವಿಯ ಹಿಂದೆ ಎರಡು ನಿಮಿಷದ ಬದಲು ಮೂರು ಕಾಯಬೇಕು. ಉಳಿತಾಯ ಏನೂ ಇಲ್ಲ.

ವಾಪಸ್ ಬೆಲಿಂಗ್‌ಹ್ಯಾಮ್ ಮೇಲೆ. ಫ್ಲೈಟ್ ಪ್ಲಾನಿನಲ್ಲಿ ಆಡ್‌ಕಸ್ (ಕಸ್ಟಮ್ಸ್‌ಗೆ ತಿಳಿಸಿ) ಅಂತ ಬರೆದ ಮಾತ್ರಕ್ಕೆ ಅಮೆರಿಕದ ಕಸ್ಟಮ್ಸ್‌ಗೆ ತಿಳಿಯಿತು ಅಂತಲ್ಲ, ನೀವೇ ಫೋನ್ ಮಾಡಿ, ಮಾತಾಡಿದ ಅಧಿಕಾರಿಯ ಇನಿಷಿಯಲ್ ಬರೆದುಕೊಳ್ಳಿ. ಕಸ್ಟಮ್ಸ್ ಬಾಕ್ಸಿನಲ್ಲಿ ನಿಲ್ಲಿಸಿ, ಅವರು ಬರುವವರೆಗೆ ಇಳಿಯಬಾರದು. ಅಮೆರಿಕದ ಟವರ್ ವಿಎಫ್‌ಆರ್ ಪ್ಲಾನ್ ಮುಚ್ಚುವುದಿಲ್ಲ, ಅದೂ ನಿಮ್ಮ ಕೆಲಸ. ವ್ಯಾಂಕೂವರ್ ಪಕ್ಕದ ಸರ್ರಿಯ ಅಂಗಡಿಯಲ್ಲಿ ಹಸಿ ಕರಿಬೇವು ಎಷ್ಟು ಚೆನ್ನಾಗಿದ್ದರೂ ತರಬೇಡಿ. ನಿಂಬೆ ಜಾತಿಯ ಗಿಡಗಳ ರೋಗ ಹರಡುತ್ತದೆ ಅಂತ ಕಿತ್ತುಕೊಳ್ಳುತ್ತಾರೆ, ಡಿಕ್ಲೇರ್ ಮಾಡದಿದ್ದರೆ ದಂಡ ಬೇರೆ.

ದುಡ್ಡು ನೆನಪಿನಿಂದ ಹೇಳುತ್ತಿದ್ದೇನೆ. ಹಾಬ್ಸ್ ಒಟ್ಟು 2.5, ಇಂಧನ ಸೇರಿ ಗಂಟೆಗೆ 185ರಂತೆ 460 ಡಾಲರ್ ಚಿಲ್ಲರೆ. ವೈವಿಆರ್‌ನಲ್ಲಿ ಹ್ಯಾಂಡ್ಲಿಂಗ್, ಲ್ಯಾಂಡಿಂಗ್ ಸೇರಿ ನೂರು ಕೆನಡಿಯನ್ ಡಾಲರ್ ಆಚೀಚೆ. ಹಿಂದಿನ ದಿನವೇ ಎಫ್‌ಬಿಒಗೆ (ಸಣ್ಣ ವಿಮಾನಗಳನ್ನು ನೋಡಿಕೊಳ್ಳುವ ಕಂಪನಿ) ಕರೆ ಮಾಡಿ ದರ ಕೇಳಿ, ಪಿಪಿಆರ್ (ಮುಂಚಿತ ಅನುಮತಿ) ಬೇಕೇ ಅಂತ ಸಿಎಫ್‌ಎಸ್ (ಕೆನಡಾದ ನಿಲ್ದಾಣಗಳ ಕೈಪಿಡಿ), ನೋಟಾಮ್ (ಪೈಲಟ್‌ಗಳಿಗೆ ಹೊರಡಿಸುವ ಸೂಚನೆ) ಎರಡರಲ್ಲೂ ನೋಡಿ. ಅಲ್ಲಿ ಆವ್‌ಗ್ಯಾಸ್ (ಸಣ್ಣ ವಿಮಾನದ ಪೆಟ್ರೋಲು) ಲೀಟರ್ ಲೆಕ್ಕ, ಒಂದು ಗ್ಯಾಲನ್‌ಗೆ 3.785. ಕ್ಲಬ್ ಕೊಡುವುದು ಮನೆಯ ದರವಷ್ಟೇ, ವ್ಯತ್ಯಾಸ ಜೇಬಿನಿಂದ. ಹೊರಡುವಾಗ 53 ಗ್ಯಾಲನ್ ತುಂಬಿಸಿಕೊಂಡರೆ ಆ ರಗಳೆಯೇ ಇಲ್ಲ, ಆದರೆ ನಾಲ್ವರು ಕೂತರೆ ಗರಿಷ್ಠ ತೂಕ 2,550 ಪೌಂಡ್ ದಾಟುತ್ತದೆ, ಹಾಗಾಗಿ ಮೂವರೇ. ಖರ್ಚು ಹಂಚುವಾಗ ಪೈಲಟ್ ತನ್ನ ಸಮಪಾಲಿಗಿಂತ ಕಡಿಮೆ ಕೊಡುವಂತಿಲ್ಲ. ನ್ಯಾವ್ ಕೆನಡಾದ (ಅಲ್ಲಿನ ವಾಯು ಸಂಚಾರ ನಿಯಂತ್ರಣ ಸಂಸ್ಥೆ) ಬಿಲ್ಲು ಮಾತ್ರ ಆಮೇಲೆ ನಿಧಾನವಾಗಿ ಕ್ಲಬ್ಬಿನ ಹೆಸರಿಗೆ ಬರುತ್ತದೆ, ಜೊತೆಗೆ ಬಂದವರು ಅಷ್ಟರಲ್ಲಿ ಫೋನ್ ಎತ್ತುವುದಿಲ್ಲ. ತಲೆಗೆ ಹತ್ತು ಡಾಲರ್ ಮುಂಗಡವಾಗಿ ಇಸಿದುಕೊಳ್ಳಿ.