ಸ್ಲೋ ಕುಕ್ಕರಿನಲ್ಲಿ ಇಡೀ ಕೋಳಿ: ನಾನು ಮಾಡುವ ರೀತಿ

ಸ್ಲೋ ಕುಕ್ಕರ್, ಅಂದರೆ ಪಿಂಗಾಣಿ ಪಾತ್ರೆಯಲ್ಲಿ ಸಣ್ಣ ಬಿಸಿಗೆ ಗಂಟೆಗಟ್ಟಲೆ ಬೇಯಿಸುವ ಕರೆಂಟಿನ ಕುಕ್ಕರ್, ಮಾಂಸವನ್ನು ಮೆತ್ತಗೆ ಮಾಡುತ್ತದೆ, ಅಷ್ಟೇ. ಹುರಿಯುವುದು, ಕೆಂಪಗಾಗಿಸುವುದು, ರಸ ಗಟ್ಟಿ ಮಾಡುವುದು ಅದರ ಕೈಲಾಗದ ಕೆಲಸ. ನಮ್ಮ ಕಲಬುರಗಿ ಕಡೆ ಕೋಳಿ ಸಾರಿಗೆ ರುಚಿ ಬರುವುದು ಹುರಿದ ಒಣ ಕೊಬ್ಬರಿ, ಚೆನ್ನಾಗಿ ಕೆಂಪಗಾದ ಉಳ್ಳಾಗಡ್ಡಿಯಿಂದ. ಎಲ್ಲವನ್ನೂ ಹಸಿಯಾಗಿ ಹಾಕಿ ಮುಚ್ಚಳ ಮುಚ್ಚಿದರೆ ಆರು ಗಂಟೆ ಆದ ಮೇಲೂ ಬಳ್ಳೊಳ್ಳಿಯ ಹಸಿ ವಾಸನೆ ಹೋಗಿರುವುದಿಲ್ಲ. ಅದಕ್ಕೆ ನಾನು ಮೊದಲು ಕಡಾಯಿ, ಆಮೇಲೆ ಕುಕ್ಕರ್, ಕೊನೆಗೆ ಮತ್ತೆ ಕಡಾಯಿ ಬಳಸುತ್ತೇನೆ.

ನನ್ನದು 6 ಲೀಟರಿನ ಕುಕ್ಕರ್. ಅದಕ್ಕೆ ಶುಚಿ ಮಾಡಿದ ಮೇಲೆ 1.3 ಕೆಜಿ ತೂಗುವ ಬ್ರಾಯ್ಲರ್ ಸರಿಹೊಂದುತ್ತದೆ. ಅಂದರೆ ಜೀವಂತ ತೂಕ ಸುಮಾರು 2 ಕೆಜಿ. ಅಂಗಡಿಯಲ್ಲಿ ಏನೂ ಹೇಳದಿದ್ದರೆ ಚರ್ಮ ಸುಲಿದು ತುಂಡು ಮಾಡಿಬಿಡುತ್ತಾರೆ. ‘ಚರ್ಮ ಇರಲಿ, ಇಡೀ ಬೇಕು, ಹೊಟ್ಟೆ ಮಾತ್ರ ಸ್ವಚ್ಛ ಮಾಡಿ’ ಎಂದು ಮೊದಲೇ ಹೇಳಬೇಕು. ಚರ್ಮ ಇದ್ದರೆ ಎದೆಯ ಮಾಂಸ ಒಣಗುವುದು ಕಡಿಮೆ.

ಎದೆಗೆ ಮೂರು, ತೊಡೆಗೆ ಎರಡೆರಡು ಆಳವಾದ ಗೀಟು ಹಾಕಿ, 2 ಚಮಚ ಉಪ್ಪು, ಅರ್ಧ ಚಮಚ ಅರಿಶಿಣ, 3 ಚಮಚ ಬ್ಯಾಡಗಿ ಖಾರದ ಪುಡಿ, 2 ದೊಡ್ಡ ಚಮಚ ಶುಂಠಿ-ಬಳ್ಳೊಳ್ಳಿ ಪೇಸ್ಟು, ಒಂದು ನಿಂಬೆಹಣ್ಣಿನ ರಸ ಹಚ್ಚುತ್ತೇನೆ. ಆಮೇಲೆ ನಾಲ್ಕು ಗಂಟೆ ಫ್ರಿಜ್ಜಿನಲ್ಲಿ. ಮೇ ತಿಂಗಳ ನಮ್ಮೂರಿನ ಸೆಕೆಯಲ್ಲಿ ಮಸಾಲೆ ಹಚ್ಚಿದ ಕೋಳಿಯನ್ನು ಅಡುಗೆಮನೆ ಕಟ್ಟೆ ಮೇಲೆ ಬಿಡಲೇಬಾರದು. ಮೊಸರು ಈಗ ಹಾಕುವುದಿಲ್ಲ. ಗಂಟೆಗಟ್ಟಲೆ ಬಿಸಿಗೆ ಒಡೆದು ಕಾಳುಕಾಳಾಗುತ್ತದೆ.

ಕಡಾಯಿಯಲ್ಲಿ 3 ದೊಡ್ಡ ಚಮಚ ಕುಸುಬೆ ಎಣ್ಣೆ ಕಾಯಿಸಿ, ಕೋಳಿಯ ಮೇಲಿನ ನೀರು ಒರೆಸಿ, ಒಂದೊಂದು ಮಗ್ಗುಲನ್ನೂ ಮೂರು ನಿಮಿಷ ಕೆಂಪಗೆ ಮಾಡಬೇಕು. ಮಸಾಲೆ ಸೀಯದಂತೆ ಉರಿ ಮಧ್ಯಮ ಇರಲಿ. ಕೋಳಿ ತೆಗೆದು ಅದೇ ಎಣ್ಣೆಯಲ್ಲಿ ದಪ್ಪಗೆ ಹೆಚ್ಚಿದ ಎರಡು ಉಳ್ಳಾಗಡ್ಡಿ ಬಾಡಿಸಿ ಕುಕ್ಕರಿನ ತಳಕ್ಕೆ ಹರಡುತ್ತೇನೆ. ಆಲೂಗಡ್ಡೆ ಹಾಕುವುದಾದರೆ ಅದೂ ತಳಕ್ಕೇ. ಈ ಬಿಸಿಯಲ್ಲಿ ಗಡ್ಡೆಗಳು ಮಾಂಸಕ್ಕಿಂತ ನಿಧಾನ ಬೇಯುತ್ತವೆ. ಕಾಲು ದಾರದಿಂದ ಕಟ್ಟಿ, ಎದೆ ಕೆಳಮುಖ ಮಾಡಿ ಕೋಳಿ ಇಡಬೇಕು. ಬಿಟ್ಟುಕೊಂಡ ರಸದಲ್ಲಿ ಎದೆ ಮುಳುಗಿರುತ್ತದೆ. ಹೊಟ್ಟೆಯೊಳಗೆ ಅನ್ನ, ಮೊಟ್ಟೆ ಏನನ್ನೂ ತುಂಬುವುದಿಲ್ಲ. ಇಡೀ ಕೋಳಿಯ ಮೊಗಲಾಯಿ ಅಡುಗೆ ಮುರ್ಗ್ ಮುಸಲ್ಲಮ್ಮಿನಲ್ಲಿ ತುಂಬುತ್ತಾರೆ ನಿಜ, ಆದರೆ ಸ್ಲೋ ಕುಕ್ಕರಿನ ಬಿಸಿ ನಡುಭಾಗ ತಲುಪಲು ಬಹಳ ಹೊತ್ತು ಹಿಡಿಯುತ್ತದೆ. ಅಲ್ಲಿಯವರೆಗೆ ಒಳಗಿನದು ಕೆಡುವ ಉಗುರುಬೆಚ್ಚಗಿನಲ್ಲೇ ಇರುತ್ತದೆ.

ನೀರು ಒಂದು ಹನಿಯೂ ಬೇಡ. ಹೊಸದಾಗಿ ಮಾಡುವವರು ಹೆಚ್ಚಾಗಿ ತಪ್ಪುವುದು ಇಲ್ಲೇ. ಮುಚ್ಚಳದೊಳಗಿನ ಹಬೆ ಹೊರಗೆ ಹೋಗದೆ ಹನಿಯಾಗಿ ಮತ್ತೆ ಒಳಗೇ ಬೀಳುತ್ತದೆ. ಕೋಳಿ, ಉಳ್ಳಾಗಡ್ಡಿ ಸೇರಿ ಒಂದೂವರೆ ಲೋಟದಷ್ಟು ರಸ ಬಿಡುತ್ತವೆ. ಮೊದಲೇ ಎರಡು ಲೋಟ ನೀರು ಸುರಿದರೆ ಕೊನೆಗೆ ಸಪ್ಪೆ ತಿಳಿನೀರು ಉಳಿಯುತ್ತದೆ.

ಈ ತೂಕದ ಬ್ರಾಯ್ಲರಿಗೆ ‘ಲೋ’ದಲ್ಲಿ ಐದೂವರೆ ಗಂಟೆ, ‘ಹೈ’ನಲ್ಲಿ ಮೂರೂಕಾಲು ಗಂಟೆ. ಎಂಟು ಗಂಟೆ ಬಿಟ್ಟರೆ ತೊಡೆ ಚೆನ್ನಾಗಿಯೇ ಇರುತ್ತದೆ, ಎದೆ ಮಾತ್ರ ನಾರುನಾರಾಗುತ್ತದೆ. ಜವಾರಿ ಕೋಳಿ ಬೇರೆ ಲೆಕ್ಕ: 1 ಕೆಜಿಯದಕ್ಕೂ ‘ಲೋ’ದಲ್ಲಿ ಎಂಟು ಗಂಟೆ ಬೇಕು. ಓಡಾಡಿ ಬೆಳೆದ ಅದರ ಗಟ್ಟಿ ಮಾಂಸ ಮೆತ್ತಗಾಗಲು ಅಷ್ಟು ಹೊತ್ತು ಹಿಡಿಯುತ್ತದೆ, ಮತ್ತು ಈ ಯಂತ್ರ ನಿಜವಾಗಿ ಹೇಳಿ ಮಾಡಿಸಿದ್ದು ಜವಾರಿಗೇ ಎಂದು ನನ್ನ ಅಭಿಪ್ರಾಯ. ನಡುವೆ ಮುಚ್ಚಳ ತೆಗೆದು ನೋಡಬಾರದು. ಒಂದು ಸಲ ತೆಗೆದರೆ ಹೋದ ಬಿಸಿ ಮರಳಲು ಇಪ್ಪತ್ತು ನಿಮಿಷವಾದರೂ ಬೇಕು.

ವೋಲ್ಟೇಜಿನ ಮೇಲೂ ಕಣ್ಣಿರಲಿ. ಬಿಸಿ ವೋಲ್ಟೇಜಿನ ವರ್ಗಕ್ಕೆ (ಅದನ್ನು ಅದರಿಂದಲೇ ಗುಣಿಸಿದ್ದಕ್ಕೆ) ತಕ್ಕಂತೆ ಇಳಿಯುತ್ತದೆ: 230 ಇರಬೇಕಾದದ್ದು 180ಕ್ಕೆ ಬಿದ್ದರೆ ಕುಕ್ಕರಿಗೆ ಸಿಗುವುದು ನೂರರಲ್ಲಿ ಸುಮಾರು 60 ಪಾಲು ಶಾಖ ಮಾತ್ರ. ಹಾಗಿದ್ದ ದಿನ ನಾನು ‘ಲೋ’ ಮುಟ್ಟದೆ ‘ಹೈ’ನಲ್ಲೇ ಇಡುತ್ತೇನೆ. ಮೊದಲ ಎರಡು ಗಂಟೆಯೊಳಗೆ ಕರೆಂಟ್ ಹೋಗಿ ಬೇಗ ಬರುವ ಸೂಚನೆ ಇಲ್ಲದಿದ್ದರೆ, ಕೋಳಿಯನ್ನು ಎರಡು ಹೋಳು ಮಾಡಿ ಪ್ರೆಷರ್ ಕುಕ್ಕರಿಗೆ ಹಾಕಿ, ಒಂದು ಲೋಟ ನೀರು ಬೆರೆಸಿ ಗ್ಯಾಸಿನ ಮೇಲೆ ಮುಗಿಸಬೇಕು. ಪಿಂಗಾಣಿ ಪಾತ್ರೆಯನ್ನೇ ಗ್ಯಾಸಿನ ಮೇಲೆ ಇಟ್ಟರೆ ಬಿರಿಯುತ್ತದೆ. ಮನೆಯಲ್ಲಿ ಯಾರೂ ಇಲ್ಲದಾಗ ಕರೆಂಟ್ ಎಷ್ಟು ಹೊತ್ತು ಹೋಗಿತ್ತೋ ತಿಳಿಯದಿದ್ದರೆ, ಅರೆಬೆಂದ ಕೋಳಿಯನ್ನು ಚೆಲ್ಲುವುದೇ ಸರಿ. ಬರ್ಫ್ ಕಟ್ಟಿದ ಕೋಳಿಯನ್ನು ನೇರವಾಗಿ ಇಡಬಾರದು ಎನ್ನುವುದೂ ಇದೇ ಕಾರಣಕ್ಕೆ: ಮಾಂಸ ಬಹಳ ಹೊತ್ತು ಕೆಡುವ ಉಗುರುಬೆಚ್ಚಗಿನಲ್ಲೇ ಇರುತ್ತದೆ.

ಬೆಂದಿದೆಯೇ ಎಂದು ತಿಳಿಯಲು ಥರ್ಮಾಮೀಟರನ್ನು ತೊಡೆಯ ದಪ್ಪ ಭಾಗಕ್ಕೆ, ಎಲುಬಿಗೆ ತಾಗದಂತೆ ಚುಚ್ಚುತ್ತೇನೆ. 74 ಡಿಗ್ರಿ ಸೆಲ್ಸಿಯಸ್ ದಾಟಿರಲೇಬೇಕು. ತೊಡೆ 82ರ ಆಸುಪಾಸು ಬಂದಾಗ ಎಲುಬಿನಿಂದ ಸುಲಭವಾಗಿ ಬಿಡುತ್ತದೆ. ಎತ್ತುವಾಗ ಕೈಯಲ್ಲೇ ಮುರಿಯುವ ಭಯವಿದೆ. ಕೋಳಿ ಇಡುವ ಮೊದಲೇ ಫಾಯಿಲನ್ನು ಮೂರು ಮಡಿಕೆ ಮಾಡಿ ಪಟ್ಟಿಯಂತೆ ತಳಕ್ಕೆ ಹಾಕಿ ಎರಡೂ ತುದಿ ಮೇಲೆ ಬಿಟ್ಟಿದ್ದರೆ, ಜೋಳಿಗೆಯ ಹಾಗೆ ಎತ್ತಬಹುದು.

ಕೋಳಿ ಬೇಯುವಾಗಲೇ ಮಸಾಲೆ ಹುರಿದಿಟ್ಟುಕೊಳ್ಳಬೇಕು. ಅರ್ಧ ಬಟ್ಟಲು ಒಣ ಕೊಬ್ಬರಿ ತುರಿ, ಒಂದೊಂದು ದೊಡ್ಡ ಚಮಚ ಧನಿಯಾ ಮತ್ತು ಬಿಳಿ ಎಳ್ಳು, ಒಂದು ಚಮಚ ಗಸಗಸೆ, 4 ಲವಂಗ, ಒಂದಿಂಚು ಚಕ್ಕೆ: ಬೇರೆಬೇರೆಯಾಗಿ ಸಣ್ಣ ಉರಿಯಲ್ಲಿ ಹುರಿದು, ಕೋಳಿ ಎತ್ತಿದ ಮೇಲೆ ಕುಕ್ಕರಿನ ತಳದ ಉಳ್ಳಾಗಡ್ಡಿಯ ಜೊತೆ ನುಣ್ಣಗೆ ರುಬ್ಬಿ, ಎಣ್ಣೆಯಲ್ಲಿ ಎಣ್ಣೆ ಬಿಡುವವರೆಗೆ ಕೈಯಾಡಿಸುತ್ತೇನೆ. ಕುಕ್ಕರಿನ ರಸದ ಮೇಲೆ ತೇಲುವ ಜಿಡ್ಡನ್ನು ತೆಗೆದು, ರಸವನ್ನು ಇದಕ್ಕೆ ಸುರಿದು ಹತ್ತು ನಿಮಿಷ ಕುದಿಸಿದರೆ ಜೋಳದ ರೊಟ್ಟಿ ಅದ್ದಿದಾಗ ಅಂಟುವ ಹದ ಬರುತ್ತದೆ. ಉಪ್ಪು ನೋಡಿ ಹಾಕುವುದು ಈಗಲೇ. ಮೊಸರು ಬೇಕೆಂದರೆ ಉರಿ ಆರಿಸಿ ಎರಡು ಚಮಚ ಕಡೆದು ಸೇರಿಸಬಹುದು. ಕೋಳಿಯ ಚರ್ಮ ಗರಿಗರಿ ಆಗಬೇಕಿದ್ದರೆ ಓಟಿಜಿಯಲ್ಲಿ (ಕರೆಂಟಿನ ಸಣ್ಣ ಓವನ್) 220 ಡಿಗ್ರಿಗೆ ಹನ್ನೆರಡು ನಿಮಿಷ.

ಉಳಿದದ್ದನ್ನು ಬೇಸಿಗೆಯಲ್ಲಿ ಒಂದು ಗಂಟೆಯೊಳಗೆ ಅಗಲ ಪಾತ್ರೆಯಲ್ಲಿ ಆರಿಸಿ ಫ್ರಿಜ್ಜಿಗೆ ಸೇರಿಸಬೇಕು. ಮರುದಿನ ಬಿಸಿ ಮಾಡುವುದು ಗ್ಯಾಸಿನ ಮೇಲೆ, ಸ್ಲೋ ಕುಕ್ಕರಿನಲ್ಲಿ ಅಲ್ಲ. ಎಲುಬುಗಳನ್ನು ಎಸೆಯದೆ ಒಂದೂವರೆ ಲೀಟರ್ ನೀರು, ನಾಲ್ಕು ಕಾಳುಮೆಣಸು ಹಾಕಿ ರಾತ್ರಿಯಿಡೀ ‘ಲೋ’ದಲ್ಲಿ ಬಿಟ್ಟರೆ ಬೆಳಿಗ್ಗೆ ಸೋಸಿಕೊಳ್ಳಲು ಒಳ್ಳೆಯ ಎಲುಬಿನ ಸಾರು ಸಿಗುತ್ತದೆ.